ದೇವನಹಳ್ಳಿಯಿಂದ ವಿದೇಶಕ್ಕೆ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಪ್ರಯಾಣಿಕರಿಗೆ ಹಂತ ಹಂತದ ಮಾರ್ಗದರ್ಶಿ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಂದಿರು, ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಸಿಕ್ಕಿರುವ ಹುಡುಗರು, ಉಮ್ರಾ ಯಾತ್ರೆಗೆ ಹೊರಟ ಹಿರಿಯರು, ಮಕ್ಕಳನ್ನು ಓದಲು ಕಳಿಸಿಕೊಡುವ ಪೋಷಕರು, ಎಲ್ಲರೂ ಪದೇ ಪದೇ ಕೇಳುವ ಪ್ರಶ್ನೆ ಒಂದೇ: ‘ಏರ್‌ಪೋರ್ಟ್ ಒಳಗೆ ಹೋದ ಮೇಲೆ ಏನೇನು ಮಾಡಬೇಕು?’ ಅದಕ್ಕೆ ಉತ್ತರ ಕೆಳಗಿದೆ. ಆದರೆ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಳ್ಳುವವರ ತೊಂದರೆ ಹೆಚ್ಚಾಗಿ ಹುಟ್ಟುವುದು ನಿಲ್ದಾಣದಲ್ಲಲ್ಲ, ಮನೆಯಲ್ಲಿ. ಪಾಸ್‌ಪೋರ್ಟ್‌ನಲ್ಲಿ ಒಂದು ಹೆಸರು, ಟಿಕೆಟ್‌ನಲ್ಲಿ ಇನ್ನೊಂದು. ತಾರೀಖನ್ನು ತಪ್ಪಾಗಿ ಓದಿಕೊಂಡದ್ದು. ಪೆಟ್ಟಿಗೆಯಲ್ಲಿ ಇಡಬಾರದ್ದನ್ನು ಇಟ್ಟದ್ದು. ಆದ್ದರಿಂದ ಈ ಲೇಖನದ ಅರ್ಧಕ್ಕಿಂತ ಹೆಚ್ಚು ಭಾಗ ಮನೆ ಬಿಡುವ ಮೊದಲಿನ ಕೆಲಸಗಳಿಗೇ ಮೀಸಲಾಗಿದೆ. ಒಳಗಿನ ಹಂತಗಳು ನೀವು ಅಂದುಕೊಂಡಷ್ಟು ಕಷ್ಟದವಲ್ಲ.

ಹಂತ 1: ಪಾಸ್‌ಪೋರ್ಟ್ ಮತ್ತು ಹೆಸರು

ಮೊದಲು ಪಾಸ್‌ಪೋರ್ಟ್‌ನ ಅವಧಿಯನ್ನು ನೋಡಿಕೊಳ್ಳಿ. ಅನೇಕ ದೇಶಗಳು, ನೀವು ಅಲ್ಲಿ ಇಳಿಯುವ ದಿನದಿಂದ ಕನಿಷ್ಠ ಆರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕೆಂದು ಕೇಳುತ್ತವೆ. ಅವಧಿ ಇನ್ನೂ ಮೂರು ತಿಂಗಳಿದೆಯೆಂದು ನಿಶ್ಚಿಂತೆಯಿಂದ ಹೋದವರನ್ನು ವಿಮಾನ ಸಂಸ್ಥೆಯವರು ಕೌಂಟರಿನಲ್ಲೇ ವಾಪಸ್ ಕಳಿಸುವುದುಂಟು. ದೊಡ್ಡವರ ಪಾಸ್‌ಪೋರ್ಟ್‌ಗೆ 10 ವರ್ಷ ಅವಧಿಯಿದ್ದರೆ ಚಿಕ್ಕ ಮಕ್ಕಳದಕ್ಕೆ ಸಾಮಾನ್ಯವಾಗಿ 5 ವರ್ಷ ಮಾತ್ರ. ಮನೆಮಂದಿಯೆಲ್ಲ ಒಟ್ಟಿಗೆ ಮಾಡಿಸಿದ್ದರೂ ಮಗುವಿನದು ಮೊದಲು ಮುಗಿದಿರುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಮನೆತನದ ಹೆಸರು ಇಟ್ಟುಕೊಳ್ಳುವ ಪದ್ಧತಿ ಕಡಿಮೆ. ಊರಿನ ಹೆಸರಿನದೊಂದು, ತಂದೆಯ ಹೆಸರಿನದೊಂದು ಇನಿಷಿಯಲ್ ಇರುತ್ತದೆ, ಅಷ್ಟೇ. ಶಾಲೆಯ ದಾಖಲೆಯಲ್ಲಿ ‘ಮಂಜುನಾಥ ಕೆ. ಎನ್.’ ಎಂದಿರುವವರು ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್‌ಗಳನ್ನು ಬಿಡಿಸಿ ಬರೆಯಬೇಕಾಗುತ್ತದೆ. ಆಗ ಕೆಲವರು ತಂದೆಯ ಹೆಸರನ್ನು ‘ಸರ್‌ನೇಮ್’ ಎಂಬ ಜಾಗದಲ್ಲಿ ಬರೆಯುತ್ತಾರೆ, ಕೆಲವರು ಆ ಜಾಗವನ್ನು ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟವರು ಎಚ್ಚರದಿಂದಿರಬೇಕು. ಪಾಸ್‌ಪೋರ್ಟ್‌ನಲ್ಲಿ ಒಂದೇ ಒಂದು ಹೆಸರಿರುವವರಿಗೆ ಪ್ರವಾಸ ಅಥವಾ ಸಂದರ್ಶನ ವೀಸಾದ ಮೇಲೆ ಪ್ರವೇಶ ಕೊಡುವುದಿಲ್ಲವೆಂದು ದುಬೈ ಇರುವ ದೇಶವಾದ ಯುಎಇ 2022ರ ನವೆಂಬರಿನಲ್ಲಿ ನಿಯಮ ತಂದಿತು. ದುಬೈಗೆ ಹೊರಟಿರುವ ಒಂಟಿ ಹೆಸರಿನವರು ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲೇ ವಿಮಾನ ಸಂಸ್ಥೆಯನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು.

ಟಿಕೆಟ್ ಮಾಡಿಸುವಾಗ ಆಧಾರ್ ಕಾರ್ಡನ್ನಾಗಲಿ ಮತದಾರರ ಚೀಟಿಯನ್ನಾಗಲಿ ಏಜೆಂಟರ ಕೈಗೆ ಕೊಡಬೇಡಿ. ಪಾಸ್‌ಪೋರ್ಟ್‌ನ ಫೋಟೊ ಇರುವ ಪುಟವನ್ನೇ ಕೊಡಿ. ಅದರಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಟಿಕೆಟ್‌ನಲ್ಲಿ ಬರಬೇಕು. ಟಿಕೆಟ್ ಕೈಗೆ ಬಂದ ತಕ್ಷಣ ಎರಡನ್ನೂ ಪಕ್ಕಪಕ್ಕ ಇಟ್ಟು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿ. ತಪ್ಪಿದ್ದರೆ ಅದೇ ದಿನ ತಿದ್ದಿಸುವುದು ಸುಲಭ. ಪ್ರಯಾಣದ ದಿನ ಕೌಂಟರಿನ ಮುಂದೆ ತಿದ್ದಿಸುವುದು ಬಹುಮಟ್ಟಿಗೆ ಆಗದ ಮಾತು. ಟಿಕೆಟ್‌ನಲ್ಲಿ ಸರ್‌ನೇಮ್ ಮೊದಲು ಬಂದು, ಒಂದು ಅಡ್ಡಗೀಟಿನ ನಂತರ ನಿಮ್ಮ ಹೆಸರು ಬಂದು, ಅದರ ಬಾಲಕ್ಕೆ ‘ಎಂಆರ್’ ಅಥವಾ ‘ಎಂಆರ್‌ಎಸ್’ ಅಂಟಿಕೊಂಡಿದ್ದರೆ ಗಾಬರಿಯಾಗಬೇಡಿ. ಅದು ಶ್ರೀ, ಶ್ರೀಮತಿ ಎಂಬುದರ ಸಂಕೇತ, ತಪ್ಪಲ್ಲ.

ಹಂತ 2: ಕೆಲಸಕ್ಕೆ ಹೋಗುವವರು ಇಸಿಆರ್ ನೋಡಿಕೊಳ್ಳಿ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ‘ಇಸಿಆರ್’ ವರ್ಗದಲ್ಲಿರುತ್ತದೆ. ಎಮಿಗ್ರೇಷನ್ ಚೆಕ್ ರಿಕ್ವೈರ್ಡ್ ಎಂಬುದರ ಹ್ರಸ್ವರೂಪ ಅದು. ಕೆಲಸಕ್ಕೆಂದು ದೇಶ ಬಿಡುವ ಮೊದಲು ಸರ್ಕಾರದ ಅನುಮತಿ ಬೇಕು ಎಂದು ಅರ್ಥ. 1983ರ ಎಮಿಗ್ರೇಷನ್ ಕಾಯ್ದೆಯಡಿ ಈ ವ್ಯವಸ್ಥೆ ಇರುವುದು, ಓದು ಕಡಿಮೆಯಿರುವವರನ್ನು ದಲ್ಲಾಳಿಗಳು ಮೋಸ ಮಾಡಿ ಸಾಗಿಸದಿರಲಿ ಎಂಬ ಕಾರಣಕ್ಕೆ. ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಇದು ಅನ್ವಯಿಸುತ್ತದೆ. ಅನುಮತಿಯನ್ನು ‘ಇ-ಮೈಗ್ರೇಟ್’ ಎಂಬ ಸರ್ಕಾರಿ ಜಾಲತಾಣದ ಮೂಲಕ, ನೋಂದಾಯಿತ ಏಜೆಂಟರಿಂದ ಅಥವಾ ನೇರವಾಗಿ ಕೆಲಸ ಕೊಟ್ಟವರಿಂದ ಪಡೆಯಬೇಕು.

ಇಲ್ಲಿ ನಡೆಯುವ ದೊಡ್ಡ ಅನಾಹುತವೆಂದರೆ, ‘ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸೋಣ’ ಎಂಬ ದಲ್ಲಾಳಿಯ ಮಾತನ್ನು ನಂಬುವುದು. ನಿಲ್ದಾಣದ ಇಮಿಗ್ರೇಷನ್ ಅಧಿಕಾರಿಗಳಿಗೆ ಈ ಆಟ ಗೊತ್ತಿಲ್ಲದ್ದೇನಲ್ಲ. ಇಸಿಆರ್ ಪಾಸ್‌ಪೋರ್ಟ್‌ನವರು ನಿಜವಾಗಿಯೂ ನೆಂಟರನ್ನು ನೋಡಲೋ ಪ್ರವಾಸಕ್ಕೋ ಈ ದೇಶಗಳಿಗೆ ಹೊರಟಿದ್ದರೆ ಅಡ್ಡಿಯಿಲ್ಲ; ಚಾಲ್ತಿಯಲ್ಲಿರುವ ವೀಸಾದ ಜೊತೆಗೆ ವಾಪಸ್ ಬರುವ ಟಿಕೆಟ್ಟೂ ಕೈಯಲ್ಲಿರಬೇಕು. ಹತ್ತನೇ ತರಗತಿ ಪಾಸಾಗಿಯೂ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ ಉಳಿದುಕೊಂಡಿದ್ದರೆ, ಅಂಕಪಟ್ಟಿ ಕೊಟ್ಟು ಅದನ್ನು ಮೊದಲೇ ತೆಗೆಸಿಕೊಳ್ಳಿ.

ಹಂತ 3: ತಾರೀಖು ಮತ್ತು ಗಂಟೆ

ಬೆಂಗಳೂರಿನಿಂದ ಹೊರಡುವ ಬಹಳಷ್ಟು ವಿದೇಶಿ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹಾರುತ್ತವೆ. ಟಿಕೆಟ್‌ನಲ್ಲಿ ‘15ನೇ ತಾರೀಖು, 00:40’ ಎಂದಿದೆಯೆಂದು ಇಟ್ಟುಕೊಳ್ಳಿ. ನಮ್ಮ ಲೆಕ್ಕದಲ್ಲಿ ಅದು 14ರ ರಾತ್ರಿ ಊಟ ಮಾಡಿ ಮಲಗುವ ಹೊತ್ತು. ಗಡಿಯಾರದ ಲೆಕ್ಕದಲ್ಲಿ ಮಾತ್ರ 15 ಹುಟ್ಟಿ ನಲವತ್ತು ನಿಮಿಷವಾಗಿರುತ್ತದೆ. ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಬೇಕಾದರೆ 14ರ ರಾತ್ರಿ 9:40ಕ್ಕೆ ಅಲ್ಲಿರಬೇಕು. ತುಮಕೂರಿನವರು 14ರ ಸಂಜೆ ಆರೂವರೆಗೆಲ್ಲ ಮನೆ ಬಿಡಬೇಕು. 15ರ ಸಂಜೆ ಸಾವಕಾಶವಾಗಿ ಪೂಜೆ ಮುಗಿಸಿ ಹೊರಟರೆ ವಿಮಾನ ಹೋಗಿ ಹೆಚ್ಚುಕಡಿಮೆ ಒಂದು ದಿನವಾಗಿರುತ್ತದೆ. ಕ್ಯಾಲೆಂಡರಿನಲ್ಲಿ ವಿಮಾನದ ತಾರೀಖಿಗೆ ಗುರುತು ಹಾಕುವ ಬದಲು, ಮನೆ ಬಿಡುವ ತಾರೀಖು ಮತ್ತು ಗಂಟೆಯನ್ನು ದೊಡ್ಡದಾಗಿ ಬರೆದಿಡಿ. ಬಾಡಿಗೆ ಕಾರಿನವರಿಗೂ ಅದನ್ನೇ ಹೇಳಿ.

ಊಟದ ಬಗ್ಗೆಯೂ ಈಗಲೇ ಹೇಳಿಬಿಡುತ್ತೇನೆ. ಸಸ್ಯಾಹಾರಿಗಳು ಟಿಕೆಟ್ ಮಾಡಿಸುವಾಗಲೇ ‘ಏಷ್ಯನ್ ವೆಜಿಟೇರಿಯನ್ ಮೀಲ್’ ಎಂದು ಸ್ಪಷ್ಟವಾಗಿ ಕೇಳಬೇಕು. ‘ಹಿಂದೂ ಮೀಲ್’ ಎಂದು ಬರೆಸಿದವರ ಮುಂದೆ ಕೋಳಿಯೋ ಕುರಿಯೋ ಬಂದು ಕೂರಬಹುದು. ಆ ಹೆಸರಿನ ಅರ್ಥ ದನದ ಮಾಂಸ ಇರುವುದಿಲ್ಲ ಎಂದೇ ಹೊರತು ಮಾಂಸವೇ ಇರುವುದಿಲ್ಲ ಎಂದಲ್ಲ. ನಡೆಯಲು ಕಷ್ಟವಿರುವ ಹಿರಿಯರಿಗೆ ಗಾಲಿಕುರ್ಚಿಯನ್ನೂ ಆಗಲೇ, ತಡವಾದರೂ ಪ್ರಯಾಣಕ್ಕೆ 48 ಗಂಟೆ ಮೊದಲು, ಕೇಳಿಡಬೇಕು. ಮಂಡಿನೋವಿರುವ ತಂದೆತಾಯಿ ‘ನನಗೇನಾಗಿದೆ, ನಡೀತೀನಿ’ ಎಂದು ಹಟ ಮಾಡಿದರೂ ಕೇಳಿಡಿ. ದೂರ ನಡೆಯಬೇಕಾಗಿರುವುದು ದೇವನಹಳ್ಳಿಗಿಂತ ದುಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ ಹೆಚ್ಚು. ಗಾಲಿಕುರ್ಚಿ ತಳ್ಳುವವರು ಭಾಷೆ ಬಾರದವರಿಗೆ ದಾರಿಯನ್ನೂ ತೋರಿಸುತ್ತಾರೆ.

ಹಂತ 4: ಪೆಟ್ಟಿಗೆ ಕಟ್ಟುವುದು

ಸಾಮಾನುಗಳಲ್ಲಿ ಎರಡು ಬಗೆ. ಕೌಂಟರಿನಲ್ಲಿ ಒಪ್ಪಿಸುವ ದೊಡ್ಡ ಪೆಟ್ಟಿಗೆಗೆ ‘ಚೆಕ್-ಇನ್ ಬ್ಯಾಗೇಜ್’ ಎನ್ನುತ್ತಾರೆ. ವಿಮಾನದೊಳಗೆ ನಿಮ್ಮ ಜೊತೆಗೇ ಬರುವ ಚೀಲ ‘ಕ್ಯಾಬಿನ್ ಬ್ಯಾಗೇಜ್’. ಕ್ಯಾಬಿನ್ ಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮಿತಿ. ದೊಡ್ಡ ಪೆಟ್ಟಿಗೆಯ ಲೆಕ್ಕ ದೇಶಕ್ಕೊಂದು, ಸಂಸ್ಥೆಗೊಂದು: ಅಮೆರಿಕದ ಕಡೆಗೆ ಹೆಚ್ಚಾಗಿ 23 ಕೆ.ಜಿ.ಯ ಎರಡು ಪೆಟ್ಟಿಗೆ ಎಂಬ ಎಣಿಕೆಯ ಲೆಕ್ಕವಿದ್ದರೆ, ಕೊಲ್ಲಿಯ ಕಡೆಗೆ ಒಟ್ಟು ಇಷ್ಟು ಕೆ.ಜಿ. ಎಂಬ ತೂಕದ ಲೆಕ್ಕವಿರುತ್ತದೆ. ನಿಮ್ಮ ಟಿಕೆಟ್‌ನಲ್ಲಿ ಬರೆದಿರುವುದೇ ಪ್ರಮಾಣ. ಪಕ್ಕದ ಮನೆಯವರು ಒಯ್ದದ್ದಲ್ಲ. ಒಂದೇ ಪೆಟ್ಟಿಗೆ 32 ಕೆ.ಜಿ. ಮೀರಿದರೆ ಹೆಚ್ಚು ಹಣ ಕೊಡುತ್ತೇನೆಂದರೂ ತೆಗೆದುಕೊಳ್ಳುವುದಿಲ್ಲ. ಗಾಲಿಯ ಸೂಟ್‌ಕೇಸ್ ಖಾಲಿಯಿರುವಾಗಲೇ ನಾಲ್ಕೈದು ಕೆ.ಜಿ. ತೂಗುತ್ತದೆ. ಕೈಯಲ್ಲಿ ನೇತುಹಾಕಿ ನೋಡುವ ಪುಟ್ಟ ಡಿಜಿಟಲ್ ತಕ್ಕಡಿ ಸಿಗದಿದ್ದರೆ ಊರಿನ ಕಿರಾಣಿ ಅಂಗಡಿಯ ತಕ್ಕಡಿಯಾದರೂ ಸರಿ, ಒಮ್ಮೆ ತೂಗಿಸಿ. ಕೌಂಟರಿನ ಮುಂದೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಸೀರೆಗಳ ನಡುವಿನಿಂದ ಬೆಲ್ಲದ ಪೊಟ್ಟಣ ಹುಡುಕುವ ಪಾಡು ಯಾರಿಗೂ ಬೇಡ.

ನಮ್ಮ ಮನೆಗಳಿಂದ ಹೋಗುವ ಪದಾರ್ಥಗಳನ್ನು ಒಂದೊಂದಾಗಿ ನೋಡೋಣ.

ಕೊಬ್ಬರಿ: ತಿಪಟೂರಿನ ಗಿಟುಕು ಕೊಬ್ಬರಿಯನ್ನು ಕ್ಯಾಬಿನ್ ಚೀಲದಲ್ಲೂ ಇಡುವಂತಿಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಇಡುವಂತಿಲ್ಲ. ತುಮಕೂರು ಜಿಲ್ಲೆಯವರಿಗೆ ಇದು ನುಂಗಲಾರದ ತುತ್ತು. ಆದರೆ ಕಾರಣವಿದೆ: ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚಿರುವುದರಿಂದ ಗಾಳಿಯಾಡದ ಕಡೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಅದನ್ನು ಸೇರಿಸಲಾಗಿದೆ. ಕರ್ಪೂರ, ಬೆಂಕಿಪೊಟ್ಟಣ, ಪಟಾಕಿಗಳದ್ದೂ ಇದೇ ಕತೆ. ಗೃಹಪ್ರವೇಶಕ್ಕೋ ಸತ್ಯನಾರಾಯಣ ಪೂಜೆಗೋ ಬೇಕೆಂದು ಮಗ ಕೇಳಿದ್ದರೂ ಕರ್ಪೂರವನ್ನು ಪೆಟ್ಟಿಗೆಗೆ ಹಾಕಬೇಡಿ.

ತುಪ್ಪ, ಉಪ್ಪಿನಕಾಯಿ, ಜೇನು, ಎಣ್ಣೆ: ಇವೆಲ್ಲ ದ್ರವದ ಲೆಕ್ಕ. ಕ್ಯಾಬಿನ್ ಚೀಲದಲ್ಲಿ 100 ಮಿಲಿಗಿಂತ ದೊಡ್ಡ ಡಬ್ಬಿಯ ದ್ರವಕ್ಕೆ ಅವಕಾಶವಿಲ್ಲ. 100 ಮಿಲಿಯ ಒಳಗಿನವನ್ನೂ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದಲ್ಲಿ ಹಾಕಿರಬೇಕು. ಡಬ್ಬಿ ದೊಡ್ಡದಾಗಿದ್ದು ಒಳಗೆ ತಳದಲ್ಲಿ ಸ್ವಲ್ಪವೇ ಇದ್ದರೂ ಲೆಕ್ಕಕ್ಕೆ ಬರುವುದು ಡಬ್ಬಿಯ ಅಳತೆ. ದೊಡ್ಡ ಪೆಟ್ಟಿಗೆಯಲ್ಲಿ ಇಡುವುದಾದರೆ ಬಾಯಿಗೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ನಡುಮಧ್ಯೆ ಬಟ್ಟೆಗಳ ನಡುವೆ ಇಡಿ. ಮನೆಯಲ್ಲಿ ಕಾಯಿಸಿದ ಅರ್ಧ ಕೆ.ಜಿ. ತುಪ್ಪದ ಡಬ್ಬಿಯನ್ನು ನಾನೇ ಒಮ್ಮೆ ತಪಾಸಣೆಯ ಮೇಜಿನ ಮೇಲೆ ಬಿಟ್ಟು ಬಂದಿದ್ದೇನೆ. ಅಮ್ಮ ಮುಚ್ಚಳದ ಮೇಲೆ ಅಂಟಿಸಿದ್ದ ಹೆಸರಿನ ಚೀಟಿಯೂ ಅಲ್ಲೇ ಉಳಿಯಿತು.

ರಾಗಿ ಹಿಟ್ಟು, ಹುಳಿಪುಡಿ, ಚಟ್ನಿಪುಡಿ: ದೊಡ್ಡ ಪೆಟ್ಟಿಗೆಯೇ ಇವಕ್ಕೆ ಜಾಗ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿ ಪ್ರಮಾಣಕ್ಕಿಂತ ಹೆಚ್ಚಿನ ಪುಡಿ ಕ್ಯಾಬಿನ್ ಚೀಲದಲ್ಲಿದ್ದರೆ ಪ್ರತ್ಯೇಕ ತಪಾಸಣೆಯಾಗುತ್ತದೆ, ಸಮಾಧಾನವಾಗದಿದ್ದರೆ ಬಿಟ್ಟುಹೋಗಬೇಕಾಗುತ್ತದೆ. ಪ್ರತಿ ಪೊಟ್ಟಣದ ಮೇಲೆ ಅದೇನೆಂದು ಇಂಗ್ಲಿಷಿನಲ್ಲಿ ಬರೆದಿಡುವುದು ಒಳ್ಳೆಯದು.

ಗಸಗಸೆ: ಇದನ್ನು ದಯವಿಟ್ಟು ಎರಡು ಬಾರಿ ಓದಿ. ನಮಗೆ ಪಾಯಸದ ಸಾಮಾನಾದ ಗಸಗಸೆ ಅಫೀಮಿನ ಗಿಡದ ಬೀಜ. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಅದನ್ನು ಒಯ್ಯುವುದು ನಿಷಿದ್ಧ, ಮಾದಕ ವಸ್ತುವಿನ ಕೇಸಾಗಬಹುದು. ಅಲ್ಲಿ ಇಳಿಯದೆ ಬರೀ ವಿಮಾನ ಬದಲಿಸುವವರೂ ಅಪಾಯದಿಂದ ಹೊರತಲ್ಲ. ಮಸಾಲೆ ಪುಡಿಗೆ ಹುರಿದು ಹಾಕಿದ್ದರೂ ಆ ಪುಡಿಯನ್ನು ಮನೆಯಲ್ಲೇ ಬಿಡಿ.

ಕರಿಬೇವು, ಮಾವಿನಹಣ್ಣು: ಶ್ರೀನಿವಾಸಪುರದ ಮಾವಿನ ಕಾಲದಲ್ಲಿ ಹೊರಡುವವರಿಗೆ ಒಂದು ಬುಟ್ಟಿಯನ್ನಾದರೂ ಒಯ್ಯುವ ಆಸೆಯಾಗುವುದು ಸಹಜ. ಅಮೆರಿಕಕ್ಕೆ ಹಸಿ ಹಣ್ಣು, ತರಕಾರಿ, ಕರಿಬೇವಿನ ಸೊಪ್ಪು ಸಾಗುವುದಿಲ್ಲ. ಕಿತ್ತಳೆ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹಬ್ಬಿಸುವ ಕೀಟ ಕರಿಬೇವಿನಲ್ಲಿ ವಾಸಿಸುತ್ತದೆ. ಆಸ್ಟ್ರೇಲಿಯಾ ಇನ್ನೂ ಕಟ್ಟುನಿಟ್ಟು. ಅಲ್ಲಿಗೆ ಹೋಗುವವರು ತಿನ್ನುವ ಪದಾರ್ಥ ಏನೇ ಇದ್ದರೂ ಇಳಿಯುವಾಗ ಕೊಡುವ ಘೋಷಣಾ ಪತ್ರದಲ್ಲಿ ‘ಇದೆ’ ಎಂದು ಬರೆಯಬೇಕು. ಬರೆದು ತೋರಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ; ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ.

ಹಿರಿಯರ ಎಲೆಅಡಿಕೆ ಚೀಲದಲ್ಲಿರುವ ಅಡಕತ್ತರಿ, ಹಣ್ಣು ಹೆಚ್ಚುವ ಚಾಕು, ಕತ್ತರಿಗಳು ಕ್ಯಾಬಿನ್ ಚೀಲದಲ್ಲಿ ಇರಬಾರದು. ಇದಕ್ಕೆ ತದ್ವಿರುದ್ಧವಾಗಿ ಪವರ್ ಬ್ಯಾಂಕ್ ಮತ್ತು ಬಿಡಿ ಬ್ಯಾಟರಿಗಳು ಕ್ಯಾಬಿನ್ ಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆಯಲ್ಲಿ 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಕಿಲ್ಲ. ಅಂಗಡಿಯಲ್ಲಿ 20,000 ಎಂಎಎಚ್ ಎಂದು ಮಾರುವ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್‌ನದು. ಅಳತೆ ಅಳಿಸಿಹೋಗಿರುವ ಹಳೆಯದನ್ನು ಒಯ್ಯಬೇಡಿ.

ಔಷಧಿ, ಒಡವೆ, ಹಣ, ಕಾಗದಪತ್ರಗಳೂ ಕ್ಯಾಬಿನ್ ಚೀಲದಲ್ಲೇ ಇರಲಿ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಸುರಿದುಕೊಳ್ಳಬೇಡಿ, ಡಾಕ್ಟರ ಚೀಟಿ ಜೊತೆಗಿರಲಿ. ನಮ್ಮಲ್ಲಿ ಚೀಟಿ ತೋರಿಸಿದರೆ ಸಿಗುವ ಟ್ರಮಡಾಲ್, ಕೊಡೀನ್ ಬೆರೆತ ನೋವಿನ ಮಾತ್ರೆ ಮತ್ತು ಕೆಮ್ಮಿನ ಔಷಧಿಗಳಿಗೆ ಯುಎಇಯಲ್ಲಿ ಕಠಿಣ ನಿಯಂತ್ರಣವಿದೆ. ಅಂಥವನ್ನು ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯಿಲ್ಲದೆ ಒಯ್ಯುವಂತಿಲ್ಲ.

ಹಣದ ಲೆಕ್ಕ ಚಿಕ್ಕದು. ಭಾರತದ ರೂಪಾಯಿ ನೋಟುಗಳನ್ನು 25,000ದವರೆಗೆ ಒಯ್ಯಬಹುದು. ವಿದೇಶಿ ನೋಟುಗಳನ್ನು ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರಿನಷ್ಟು ಮಾತ್ರ ನಗದಾಗಿ ಪಡೆಯಬಹುದು. ಉಳಿದದ್ದು ವಿದೇಶಿ ಹಣ ತುಂಬಿಸಿದ ಫಾರೆಕ್ಸ್ ಕಾರ್ಡಿನಲ್ಲಿರಲಿ. ಹಣ ಬದಲಿಸುವುದನ್ನು ನಿಲ್ದಾಣಕ್ಕೆ ಬಿಡಬೇಡಿ, ಅಲ್ಲಿ ದರ ದುಬಾರಿ.

ಹಂತ 5: ದಾರಿ

ವಿದೇಶ ಪ್ರಯಾಣಕ್ಕೆ ಮೂರು ಗಂಟೆ ಮೊದಲು ನಿಲ್ದಾಣದಲ್ಲಿರಿ. ಚೆಕ್-ಇನ್ ಕೌಂಟರನ್ನು ಹೆಚ್ಚಿನ ಸಂಸ್ಥೆಗಳು ವಿಮಾನ ಹೊರಡುವ 60ರಿಂದ 75 ನಿಮಿಷ ಮೊದಲೇ ಮುಚ್ಚುತ್ತವೆ, ಮುಚ್ಚಿದ ಮೇಲೆ ಯಾರ ಶಿಫಾರಸೂ ನಡೆಯದು.

ಚಿಕ್ಕಬಳ್ಳಾಪುರದವರು ಅದೃಷ್ಟವಂತರು, ಹೈದರಾಬಾದ್ ಹೆದ್ದಾರಿಯಲ್ಲಿ ದೇವನಹಳ್ಳಿ ದಾಟಿದರೆ ನಿಲ್ದಾಣ, ಮುಕ್ಕಾಲು ಗಂಟೆಯ ದಾರಿ. ಆದರೂ ಶನಿವಾರ, ಭಾನುವಾರದ ನಸುಕಿನಲ್ಲಿ ನಂದಿಬೆಟ್ಟಕ್ಕೆ ಬರುವವರ ವಾಹನಗಳನ್ನು ಲೆಕ್ಕಕ್ಕೆ ಹಿಡಿಯಿರಿ. ತುಮಕೂರಿನವರು ನೆಲಮಂಗಲದ ಕಡೆ ಹೋಗಿ ಬೆಂಗಳೂರಿನ ವಾಹನ ದಟ್ಟಣೆಗೆ ಸಿಲುಕುವುದಕ್ಕಿಂತ ಡಾಬಸ್‌ಪೇಟೆಯಲ್ಲೇ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿಯ ಮೇಲೆ ಬರುವುದು ಲೇಸು. ಸ್ಯಾಟಲೈಟ್ ಟೌನ್ ರಿಂಗ್ ರೋಡ್‌ನ ಈ ಭಾಗ 2024ರಲ್ಲಿ ಉದ್ಘಾಟನೆಯಾಗಿದೆ. ಅದೇ ರಸ್ತೆಯ ಇನ್ನೊಂದು ತುದಿ ಹೊಸಕೋಟೆಯಲ್ಲಿರುವುದರಿಂದ ಕೋಲಾರದವರು ನರಸಾಪುರ, ಹೊಸಕೋಟೆಯ ಮೂಲಕ ಅದನ್ನು ಹಿಡಿಯಬಹುದು. ವೇಮಗಲ್, ಎಚ್. ಕ್ರಾಸ್, ವಿಜಯಪುರದ ಹಳೆಯ ದಾರಿ ಹಗಲಿಗೆ ಚೆನ್ನ. ರಾತ್ರಿ ನಾನಾದರೆ ಹೆದ್ದಾರಿಯನ್ನೇ ಆರಿಸಿಕೊಳ್ಳುತ್ತೇನೆ. ಕೋಲಾರದವರಿಗೂ ತುಮಕೂರಿನವರಿಗೂ ನಿಲ್ದಾಣಕ್ಕೆ ಎರಡು ಗಂಟೆಯ ಪ್ರಯಾಣ, ಅದರ ಮೇಲೊಂದು ಗಂಟೆ ಹೆಚ್ಚುವರಿ ಎಂದು ಲೆಕ್ಕ ಹಾಕಿ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರ, ಯಲಹಂಕ ರೈಲು ಮಾರ್ಗದಲ್ಲಿ ವಿಮಾನ ನಿಲ್ದಾಣದ ಹೆಸರಿನ ನಿಲುಗಡೆಯೊಂದು 2021ರ ಜನವರಿಯಿಂದ ಇದೆ. ರೈಲುಗಳು ಕಡಿಮೆ, ಅಲ್ಲಿಂದ ಟರ್ಮಿನಲ್ ಸ್ವಲ್ಪ ದೂರ. ಮೂರು ಪೆಟ್ಟಿಗೆ ಹೊತ್ತು ವಿದೇಶಕ್ಕೆ ಹೊರಟವರು ಅದನ್ನು ನೆಚ್ಚಿಕೊಳ್ಳಬಾರದು.

ಬೀಳ್ಕೊಡಲು ಎರಡು ಗಾಡಿ ತುಂಬ ನೆಂಟರು ಬರುವುದು ನಮ್ಮ ಪ್ರೀತಿಯ ಪದ್ಧತಿ. ಬರಬೇಡಿ ಎನ್ನಲಾರೆ. ಆದರೆ ಟಿಕೆಟ್ ಇಲ್ಲದವರು ಬಾಗಿಲಿನಾಚೆಗೆ ಬರುವಂತಿಲ್ಲ, ಬಾಗಿಲ ಮುಂದೆ ಗಾಡಿಯನ್ನು ಬಹಳ ಹೊತ್ತು ನಿಲ್ಲಿಸುವಂತಿಲ್ಲ. ಕಾಲಿಗೆ ನಮಸ್ಕಾರ, ಕುಂಕುಮ, ಫೋಟೊಗಳೆಲ್ಲ ಮನೆಯಲ್ಲೇ ಮುಗಿದರೆ ಹೊರಡುವವರಿಗೆ ಅರ್ಧ ಗಂಟೆ ಉಳಿಯುತ್ತದೆ.

ಹಂತ 6: ಬಾಗಿಲು ಮತ್ತು ಕೌಂಟರ್

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಎರಡು ಟರ್ಮಿನಲ್‌ಗಳಿವೆ. 2008ರಲ್ಲಿ ಶುರುವಾದದ್ದು ಟರ್ಮಿನಲ್ 1. 2022ರ ನವೆಂಬರಿನಲ್ಲಿ ಉದ್ಘಾಟನೆಯಾದ, ಬಿದಿರಿನ ಚಾವಣಿಯ, ತೋಟದಂತಿರುವ ಕಟ್ಟಡ ಟರ್ಮಿನಲ್ 2. ವಿದೇಶಿ ವಿಮಾನಗಳೆಲ್ಲ 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಿಂದ ಹೊರಡುತ್ತವೆ. ಕಾರಿನವರಿಗೆ ‘ಟಿ-2, ಡಿಪಾರ್ಚರ್’ ಎಂದು ಹೇಳಿ. ಡಿಪಾರ್ಚರ್ ಎಂದರೆ ಹೊರಡುವವರ ಬಾಗಿಲು, ಅರೈವಲ್ ಎಂದರೆ ಬಂದಿಳಿಯುವವರದ್ದು.

ಬಾಗಿಲಿನಲ್ಲಿ ಕೇಂದ್ರದ ಭದ್ರತಾ ಪಡೆಯಾದ ಸಿಐಎಸ್‌ಎಫ್ ಸಿಬ್ಬಂದಿ ಟಿಕೆಟ್ ಮತ್ತು ಪಾಸ್‌ಪೋರ್ಟ್ ನೋಡುತ್ತಾರೆ. ಟಿಕೆಟನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ಮೊಬೈಲಿನ ಬ್ಯಾಟರಿ ಕೈಕೊಡುವುದು ಇಂಥ ಹೊತ್ತಿನಲ್ಲೇ. ಮುಖ ತೋರಿಸಿ ಒಳಹೋಗುವ ಡಿಜಿ ಯಾತ್ರಾ ಸೌಲಭ್ಯ ದೇಶದೊಳಗಿನ ಪ್ರಯಾಣದವರಿಗೆ. ಆ ಸಾಲಿನಲ್ಲಿ ನೀವು ನಿಲ್ಲಬೇಡಿ.

ಒಳಗೆ ದೊಡ್ಡ ಪರದೆಯಲ್ಲಿ ನಿಮ್ಮ ವಿಮಾನದ ಸಂಖ್ಯೆಯ ಮುಂದೆ ಯಾವ ಸಾಲಿನ ಕೌಂಟರ್ ಎಂದು ಬರುತ್ತದೆ. ಅಲ್ಲಿ ಪಾಸ್‌ಪೋರ್ಟ್, ವೀಸಾ, ಬೇಕಾದರೆ ವಾಪಸ್ ಟಿಕೆಟ್ ಪರಿಶೀಲಿಸಿ, ಪೆಟ್ಟಿಗೆ ತೂಗಿ, ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಅದು ವಿಮಾನ ಹತ್ತಲು ಬೇಕಾದ, ಸೀಟಿನ ಸಂಖ್ಯೆಯಿರುವ ಚೀಟಿ. ಆನ್‌ಲೈನ್‌ನಲ್ಲಿ ಚೆಕ್-ಇನ್ ಮಾಡಿಕೊಂಡಿದ್ದರೂ ಕಾಗದಪತ್ರ ತೋರಿಸುವುದಕ್ಕೆ ಕೌಂಟರಿಗೆ ಹೋಗಬೇಕಾಗುತ್ತದೆ.

ಕೌಂಟರ್ ಬಿಡುವ ಮೊದಲು ಒಂದು ಪ್ರಶ್ನೆ ಕೇಳಲೇಬೇಕು: ‘ಪೆಟ್ಟಿಗೆ ಕೊನೆಯ ಊರಿನವರೆಗೂ ಹೋಗುತ್ತದೆಯೇ?’ ನಡುವೆ ವಿಮಾನ ಬದಲಿಸುವವರ ಪೆಟ್ಟಿಗೆ ಒಂದೇ ಟಿಕೆಟ್‌ನಲ್ಲಿದ್ದರೆ ಸಾಮಾನ್ಯವಾಗಿ ತಾನೇ ಮುಂದಕ್ಕೆ ಹೋಗುತ್ತದೆ; ಎರಡು ಬೇರೆ ಬೇರೆ ಟಿಕೆಟ್‌ಗಳಾಗಿದ್ದರೆ ಹೋಗದಿರಬಹುದು. ಪೆಟ್ಟಿಗೆಗೆ ಕಟ್ಟಿದ ಪಟ್ಟಿಯಲ್ಲಿ ಊರಿನ ಮೂರಕ್ಷರದ ಸಂಕೇತವಿರುತ್ತದೆ, ಅದು ನಿಮ್ಮ ಕೊನೆಯ ಊರಿನದೇ ಎಂದು ನೋಡಿ. ಪಟ್ಟಿಯ ತುಂಡುಗಳನ್ನು ಎಣಿಸಿ ತೆಗೆದುಕೊಳ್ಳಿ. ಎರಡನೇ ವಿಮಾನದ ಬೋರ್ಡಿಂಗ್ ಪಾಸನ್ನೂ ಇಲ್ಲೇ ಕೇಳಿ ಪಡೆಯಿರಿ.

ಹಂತ 7: ಇಮಿಗ್ರೇಷನ್ ಮತ್ತು ಭದ್ರತಾ ತಪಾಸಣೆ

ಇಮಿಗ್ರೇಷನ್ ಎಂದರೆ ನೀವು ದೇಶ ಬಿಡುತ್ತಿರುವುದನ್ನು ದಾಖಲಿಸುವ ಕಡೆ. ಮೊದಲಿನಂತೆ ಇಲ್ಲಿ ಯಾವ ಅರ್ಜಿಯನ್ನೂ ತುಂಬಬೇಕಿಲ್ಲ. ಭಾರತೀಯರು ಹೊರಡುವಾಗ ತುಂಬುತ್ತಿದ್ದ ಕಾರ್ಡನ್ನು 2017ರ ಜುಲೈ 1ರಿಂದ ಕೈಬಿಡಲಾಗಿದೆ. ‘ಯಾವ ಊರಿಗೆ, ಯಾತಕ್ಕೆ, ಎಷ್ಟು ದಿನ, ಅಲ್ಲಿ ಯಾರಿದ್ದಾರೆ’ ಎಂದು ಕೇಳಬಹುದು. ಕೇಳಿದ್ದಕ್ಕಷ್ಟೇ, ಇದ್ದದ್ದನ್ನು ಇದ್ದಂತೆ ಹೇಳಿ. ಕನ್ನಡದಲ್ಲಿ ಉತ್ತರಿಸಲು ಹಿಂಜರಿಯಬೇಡಿ. ಮಗನ ವಿಳಾಸ, ಫೋನ್ ನಂಬರು ಮೊಬೈಲಿನಲ್ಲಷ್ಟೇ ಅಲ್ಲ, ಒಂದು ಕಾಗದದಲ್ಲೂ ಇರಲಿ. ಮುದ್ರೆ ಒತ್ತಿದ ಮೇಲೆ ತಾರೀಖು ಸರಿಯಿದೆಯೇ ನೋಡಿಕೊಂಡು ಮುಂದೆ ನಡೆಯಿರಿ. ಇಲ್ಲಿಂದಾಚೆ ಹೊರಗಿರುವ ನೆಂಟರನ್ನು ನೋಡಲು ವಾಪಸ್ ಬರುವಂತಿಲ್ಲ.

ಆಗಾಗ ಹೋಗಿಬರುವವರು ‘ಎಫ್‌ಟಿಐ-ಟಿಟಿಪಿ’ ಎಂಬ ಕೇಂದ್ರ ಗೃಹ ಸಚಿವಾಲಯದ ಯೋಜನೆಯಲ್ಲಿ ಹೆಸರು ನೋಂದಾಯಿಸಬಹುದು. ಆನ್‌ಲೈನ್ ಅರ್ಜಿ ಹಾಕಿ, ಬೆರಳಚ್ಚು ಮತ್ತು ಮುಖದ ಗುರುತು ಕೊಟ್ಟರೆ, ಸಾಲಿನಲ್ಲಿ ನಿಲ್ಲದೆ ತಾನಾಗಿ ತೆರೆಯುವ ಗೇಟಿನಲ್ಲಿ ಹೋಗುವ ಸೌಲಭ್ಯ ಇದು. ಬೆಂಗಳೂರಿಗೆ 2025ರ ಜನವರಿಯಲ್ಲಿ ಬಂತು.

ಭದ್ರತಾ ತಪಾಸಣೆಯಲ್ಲಿ ಲ್ಯಾಪ್‌ಟಾಪ್, ಮೊಬೈಲ್, ಪವರ್ ಬ್ಯಾಂಕ್, ಬೆಲ್ಟು, ನಾಣ್ಯಗಳನ್ನು ಟ್ರೇಗೆ ಹಾಕಿ. ನೀರಿನ ಬಾಟಲಿಯನ್ನು ಖಾಲಿ ಮಾಡಿ ಒಯ್ದರೆ ಆಚೆ ತುಂಬಿಸಿಕೊಳ್ಳಬಹುದು. ಮಹಿಳೆಯರ ತಪಾಸಣೆ ಪರದೆಯ ಹಿಂದೆ ಮಹಿಳಾ ಸಿಬ್ಬಂದಿಯಿಂದಲೇ ನಡೆಯುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಲೋಹ ಪತ್ತೆ ಮಾಡುವ ಚೌಕಟ್ಟಿನೊಳಗೆ ಕಾಲಿಡುವ ಮೊದಲೇ ಹೇಳಬೇಕು. ಇಲ್ಲಿ ಜನ ಮರೆಯುವುದು ಟ್ರೇಯಲ್ಲಿ ಹಾಕಿದ ಕನ್ನಡಕ, ವಾಚು ಮತ್ತು ಪಾಸ್‌ಪೋರ್ಟನ್ನು.

ಹಂತ 8: ಗೇಟು, ನಡುವಿನ ನಿಲ್ದಾಣ

ಬೋರ್ಡಿಂಗ್ ಪಾಸ್‌ನಲ್ಲಿ ಗೇಟಿನ ಸಂಖ್ಯೆಯಿದ್ದರೂ ಅದು ಬದಲಾಗಬಹುದು. ಪರದೆಯನ್ನು ಆಗಾಗ ನೋಡುತ್ತಿರಿ. ಮೊದಲು ಗೇಟನ್ನು ಕಣ್ಣಾರೆ ನೋಡಿ ಬಂದು ಆಮೇಲೆ ಕಾಫಿ ಕುಡಿಯಿರಿ. ವಿಮಾನ ಹೊರಡುವ 20ರಿಂದ 25 ನಿಮಿಷ ಮೊದಲೇ ಗೇಟು ಮುಚ್ಚುತ್ತದೆ.

ನಡುವೆ ವಿಮಾನ ಬದಲಿಸುವವರು ಇಳಿದ ಮೇಲೆ ‘ಟ್ರಾನ್ಸ್‌ಫರ್’ ಅಥವಾ ‘ಕನೆಕ್ಷನ್ಸ್’ ಎಂಬ ಫಲಕವನ್ನು ಹಿಂಬಾಲಿಸಬೇಕು, ಜನರ ಗುಂಪನ್ನಲ್ಲ. ಗುಂಪಿನಲ್ಲಿ ಅರ್ಧ ಜನ ಆ ಊರಿನಲ್ಲೇ ಇಳಿಯುವವರಾಗಿರುತ್ತಾರೆ. ಭಾರತದ ಸಿಮ್‌ಗೆ ರೋಮಿಂಗ್ ಹಾಕಿಸದೆ ಹೋದರೆ, ನಿಲ್ದಾಣದ ಉಚಿತ ವೈಫೈಗೋ ಬ್ಯಾಂಕಿನ ವ್ಯವಹಾರಕ್ಕೋ ಬೇಕಾದ ಒಟಿಪಿ ನಿಮಗೆ ಬರುವುದಿಲ್ಲ. ಕೆಲವು ದೇಶಗಳು ಬರೀ ವಿಮಾನ ಬದಲಿಸುವುದಕ್ಕೂ ಟ್ರಾನ್ಸಿಟ್ ವೀಸಾ ಕೇಳುತ್ತವೆ. ಬ್ರಿಟನ್ ಮೂಲಕ ಹೋಗುವವರು ಟಿಕೆಟ್ ಮಾಡಿಸುವ ಮೊದಲೇ ಇದನ್ನು ವಿಚಾರಿಸಬೇಕು. ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲಿ ಪೆಟ್ಟಿಗೆಯನ್ನು ತೆಗೆದುಕೊಂಡು, ಕಸ್ಟಮ್ಸ್ ದಾಟಿಸಿ, ಮುಂದಿನ ವಿಮಾನಕ್ಕೆ ಮತ್ತೆ ಒಪ್ಪಿಸುವುದು ಸಾಮಾನ್ಯ ಕ್ರಮ.

ಹಂತ 9: ಹಿಂದಿರುಗುವಾಗ

ಮೈಮೇಲೆ ಹೆಚ್ಚು ಒಡವೆ ಹಾಕಿಕೊಂಡು ಹೋಗುವವರು ಹೊರಡುವ ದಿನವೇ ಕಸ್ಟಮ್ಸ್ ಅಧಿಕಾರಿಗಳಿಗೆ ತೋರಿಸಿ ‘ಎಕ್ಸ್‌ಪೋರ್ಟ್ ಸರ್ಟಿಫಿಕೇಟ್’ ಪಡೆದುಕೊಂಡರೆ, ವಾಪಸ್ ಬರುವಾಗ ಇದು ನಮ್ಮ ಮನೆಯದೇ ಎಂದು ಸಾಬೀತು ಮಾಡಲು ಒದ್ದಾಡಬೇಕಿಲ್ಲ. ವಿದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನೆಲೆಸಿದ್ದು ಬರುವ ಮಹಿಳೆಯರು 40 ಗ್ರಾಂ, ಪುರುಷರು 20 ಗ್ರಾಂ ತೂಕದ ಒಡವೆಗೆ ಸುಂಕದ ರಿಯಾಯಿತಿ ಪಡೆಯಲು ಅರ್ಹರು. ಬಾಣಂತನಕ್ಕೆ ಹೋಗಿ ಆರು ತಿಂಗಳಿಗೆ ಬಂದವರಿಗೆ ಇದು ಸಿಗುವುದಿಲ್ಲ. ಸುಂಕ ಕಟ್ಟಬೇಕಾದ ವಸ್ತುವಿದ್ದರೆ ಕೆಂಪು ದಾರಿ, ಇಲ್ಲದಿದ್ದರೆ ಹಸಿರು ದಾರಿ. ‘ಈ ಚಿಕ್ಕ ಪೊಟ್ಟಣವನ್ನು ನಮ್ಮವರಿಗೆ ತಲುಪಿಸಿಬಿಡಿ’ ಎಂದು ಅಲ್ಲಿ ಪರಿಚಯವಾದವರು ಕೊಟ್ಟದ್ದನ್ನು, ಎಷ್ಟೇ ಮುಜುಗರವಾದರೂ, ತರಬೇಡಿ. ನಿಮ್ಮ ಚೀಲದಲ್ಲಿ ಸಿಕ್ಕಿದ್ದಕ್ಕೆ ಹೊಣೆ ನೀವೇ.

ಕರೆದೊಯ್ಯಲು ಬಂದ ಕಾರಿನವರಿಗೆ ಪೆಟ್ಟಿಗೆ ಕೈಗೆ ಸಿಕ್ಕಿದ ಮೇಲೆಯೇ ಫೋನ್ ಮಾಡಿ, ಅಲ್ಲಿಯವರೆಗೆ ಅವರು ಪಾರ್ಕಿಂಗ್‌ನಲ್ಲಿರಲಿ. ಪೆಟ್ಟಿಗೆ ಬರಲೇ ಇಲ್ಲ, ಅಥವಾ ಒಡೆದಿದೆ ಎಂದಾದರೆ ಹೊರಗೆ ಹೋಗಬೇಡಿ. ಪೆಟ್ಟಿಗೆ ಬರುವ ಆವರಣದಲ್ಲೇ ವಿಮಾನ ಸಂಸ್ಥೆಯ ಮೇಜಿನಲ್ಲಿ ‘ಪಿಐಆರ್’ ಎಂಬ ದೂರು ಪತ್ರ ಬರೆಸಿ, ಅದರ ಸಂಖ್ಯೆ ಪಡೆಯಿರಿ. ಭಾರತವೂ ಒಪ್ಪಿರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪೆಟ್ಟಿಗೆ ಹಾನಿಯಾಗಿದ್ದರೆ ಕೈಗೆ ಸಿಕ್ಕಿದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಬಂದ 21 ದಿನಗಳೊಳಗೆ ಲಿಖಿತವಾಗಿ ದೂರು ಕೊಡಬೇಕು. ಊರಿಗೆ ಬಂದು ಒಂದು ವಾರ ಸುಧಾರಿಸಿಕೊಂಡು ಬಿಚ್ಚಿ ನೋಡಿ, ಆಮೇಲೆ ದೂರು ಕೊಟ್ಟವರಿಗೆ ಸಿಕ್ಕ ಉತ್ತರ ‘ಅವಧಿ ಮುಗಿದಿದೆ’ ಎಂದು. ಆದ್ದರಿಂದ ಬೋರ್ಡಿಂಗ್ ಪಾಸನ್ನೂ ಪೆಟ್ಟಿಗೆಯ ಪಟ್ಟಿಯ ತುಂಡನ್ನೂ, ಮನೆ ತಲುಪಿ ಪ್ರತಿಯೊಂದು ಪೆಟ್ಟಿಗೆಯನ್ನೂ ಬಿಚ್ಚಿ ನೋಡುವವರೆಗೆ ಬಿಸಾಡಬೇಡಿ.